ಇಬ್ಬರ ಊಟಕ್ಕೊಂದು ವೈನ್

ಗುಡ್ರುನ್ ಮೂವತ್ತೊಂದು ವರ್ಷ ಸರ್ಕಾರಿ ಮದ್ಯದಂಗಡಿಯಲ್ಲಿ ನಿಂತು ಊರಿಗೆಲ್ಲ ವೈನ್ ಆರಿಸಿಕೊಟ್ಟಳು. ಅವಳ ಅಡುಗೆಮನೆಯ ಮೇಜಿಗೆ ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಸದಾ ಇಸ್ತ್ರಿಯಾಗಬೇಕಾದ ಬಟ್ಟೆ ಬಿದ್ದಿರುತ್ತಿತ್ತು, ಆದ್ದರಿಂದ ಅದು ಇದ್ದೂ ಇಲ್ಲದ ಹಾಗೆ. ಅವಳ ಪಕ್ಕದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವಳು ನಾನು, ಬೆರಿತ್. ಅವಳ ಬಗ್ಗೆ ಯಾರಾದರೂ ಬರೆಯುವುದಾದರೆ ನಾನೇ ಬರೆಯಬೇಕು. ಬರೆಯಲು ಕೂತರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ, ಅದಕ್ಕೇ ಇಷ್ಟು ದಿನ ನೆಪ ಹೇಳಿಕೊಂಡು ಬಂದೆ.

ನಾರ್ವೆಯ ಉತ್ತರದಲ್ಲಿ, ನಮ್ಮ ಸ್ಕಾರ್ವಿಕ್‌ನಂಥ ಊರಲ್ಲಿ ವೈನ್ ಬೇಕೆಂದರೆ ನಮ್ಮ ಅಂಗಡಿಯೊಂದೇ ಗತಿ. ದಿನಸಿ ಅಂಗಡಿಯವನು ಬಿಯರ್ ಮಾರಬಹುದು, ಅಷ್ಟೆ. ಮಿಕ್ಕಿದ್ದೆಲ್ಲ ಸರ್ಕಾರದ್ದು. ಸರ್ಕಾರದ ಅಂಗಡಿ ಎಂದ ಮೇಲೆ ಯಾವ ಬಾಟಲಿಯನ್ನೂ ನಾವಾಗಿ ಹೊಗಳುವಂತಿಲ್ಲ, ಯಾವುದನ್ನೂ ತೆಗಳುವಂತಿಲ್ಲ. ಕೇಳಿದವರಿಗೆ ಮಾತ್ರ ಆರಿಸಿಕೊಡಬೇಕು. ಅದಕ್ಕೆ ನಾವು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಊಟಕ್ಕೆ ಏನು ಮಾಡುತ್ತೀರಿ, ಎಷ್ಟು ಜನ ಕೂರುತ್ತೀರಿ. ಅದರಾಚೆ ಒಂದು ಮಾತೂ ಇಲ್ಲ. ಯಾರು ಏನು ಕೊಂಡರು ಎಂಬುದು ಬಾಗಿಲು ದಾಟುವಂತಿಲ್ಲ. ನಮ್ಮೂರಲ್ಲಿ ಚರ್ಚಿಗಿಂತ ಕಟ್ಟಾ ಭಕ್ತರ ಪ್ರಾರ್ಥನಾ ಮಂದಿರದ್ದೇ ದರ್ಬಾರು, ಅಲ್ಲಿ ಮದ್ಯದ ವಾಸನೆಯೂ ಪಾಪ. ಆ ಮಂದಿರದ ಮುಂದಿನ ಬೆಂಚಿನವರೂ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ನಾವು ಬಾಯಿಗೆ ಬೀಗ ಹಾಕಿಕೊಂಡದ್ದರಿಂದಲೇ ಊರಲ್ಲಿ ಎಷ್ಟೋ ಮನೆಗಳು ನೆಟ್ಟಗೆ ನಿಂತಿವೆ.

ಗುಡ್ರುನ್ ಗಿಡ್ಡ ಹೆಂಗಸು. ಮೇಲಿನ ಸಾಲಿನ ಬಾಟಲಿಗೆ ಸ್ಟೂಲು ಹತ್ತಲೇಬೇಕಿತ್ತು, ಹತ್ತಿದವಳು ಇಳಿಯುವಷ್ಟರಲ್ಲಿ ಗಿರಾಕಿಗೆ ಅರ್ಧ ಅಡುಗೆ ಹೇಳಿಕೊಟ್ಟಿರುತ್ತಿದ್ದಳು. ಅವಳ ಮೂಗು ನಾಲಿಗೆಗಳ ಬಗ್ಗೆ ರಾಜಧಾನಿಯ ತರಬೇತಿಯವರೇ ಬೆರಗಾಗಿದ್ದರು. ಅಲ್ಲೇ ಇರು ಎಂದೂ ಕರೆದರು. ತಾಯಿಗೆ ಪಾರ್ಶ್ವವಾಯು ಹೊಡೆದಿದ್ದರಿಂದ ಊರಿಗೆ ಬಂದಳು. ತಾಯಿ ಹದಿನಾಲ್ಕು ವರ್ಷ ಹಾಸಿಗೆಯಲ್ಲಿದ್ದು ಹೋದ ಮೇಲೆ, ನೋಡುವ ವಯಸ್ಸೂ ಹೋಯಿತು, ನೋಡಿಸಿಕೊಳ್ಳುವ ವಯಸ್ಸೂ ಹೋಯಿತು ಎಂದು ಅವಳೇ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಹಾಲ್ವರ್ ಮೊದಲ ಸಲ ಬಂದದ್ದು ಒಂದು ಫೆಬ್ರವರಿ ಶುಕ್ರವಾರ. ಪುರಸಭೆಯ ಹಿಮ ತೆಗೆಯುವ ಗಾಡಿಯ ಡ್ರೈವರ್. ಊರಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಸಮುದ್ರದ ತೋಳು ಮುಗಿಯುವ ಕಡೆ ಒಬ್ಬನೇ ಇದ್ದ, ಆದರೆ ಅದು ನಮಗೆ ಆಗ ಗೊತ್ತಿರಲಿಲ್ಲ. ಐವತ್ತು ದಾಟಿದ ದೊಡ್ಡ ಆಳು, ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದ.

"ಊಟಕ್ಕೆ ಏನು ಮಾಡ್ತೀರಿ?" ಎಂದಳು ಗುಡ್ರುನ್.

"ಕಾಡ್ ಮೀನು. ಜೊತೆಗೆ ಅದರ ಲಿವರ್, ತತ್ತಿ. ಅದಕ್ಕೆ ಬಿಳಿ ವೈನ್ ಅಲ್ವಾ?"

ಗುಡ್ರುನ್ ಕನ್ನಡಕ ಸರಿ ಮಾಡಿಕೊಂಡು ಅವನನ್ನು ನೋಡಿದಳು. ಆ ಊಟಕ್ಕೆ ನಾವು ಕೆಂಪು ವೈನ್ ಕುಡಿಯುತ್ತೇವೆ. ದಕ್ಷಿಣದವರು ನಕ್ಕರೆ ನಗಲಿ, ಇಲ್ಲಿ ತಲೆತಲಾಂತರದಿಂದ ಹಾಗೇ. ಇಲ್ಲಿ ಹುಟ್ಟಿ ಬೆಳೆದವನಿಗೆ ಅದು ಗೊತ್ತಿಲ್ಲ ಎಂದರೆ ನಂಬುವುದು ಹೇಗೆ? ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡೆವು. ಇಂಥ ಮನುಷ್ಯ ಬದುಕಿನಲ್ಲಿ ಒಂದು ಲೋಟವೂ ಕುಡಿದಿಲ್ಲ ಎಂದು ಮದ್ಯದಂಗಡಿಯಲ್ಲಿ ನಿಂತವರಿಗೆ ಹೊಳೆಯಲೇ ಇಲ್ಲ.

"ತಮಾಷೆ ಮಾಡ್ತೀರಾ? ಕೆಂಪು ತಗೊಳ್ಳಿ. ಹಗುರವಾದ್ದು ಕೊಡ್ತೀನಿ. ಎಷ್ಟು ಜನ ಕೂರ್ತೀರಿ?"

ಅವನು ಕಿವಿಯವರೆಗೂ ಕೆಂಪಾಗಿ, "ಇಬ್ಬರು," ಎಂದ.

ಮುಂದಿನ ಶುಕ್ರವಾರ ಮತ್ತೆ ಬಂದ. ಅದರ ಮುಂದಿನ ಶುಕ್ರವಾರವೂ ಬಂದ. ಹೀಗೆ ಹನ್ನೊಂದು ವರ್ಷ. ಗಾಡಿಯನ್ನು ಅಂಗಡಿ ಪಕ್ಕದ ಮೀನು ಕಾರ್ಖಾನೆಯ ಗೋಡೆಗೆ ಒರಗಿಸಿದ ಹಾಗೆ ನಿಲ್ಲಿಸಿ, ಬೂಟಿನ ಹಿಮ ಎರಡು ಸಲ ಕೊಡವಿ ಒಳಗೆ ಬರುತ್ತಿದ್ದ. ನಾನು ಖಾಲಿ ನಿಂತಿದ್ದರೂ ನನ್ನ ಹತ್ತಿರ ಬರುತ್ತಿರಲಿಲ್ಲ. ಗುಡ್ರುನ್ ಬೇರೆಯವರ ಜೊತೆಗಿದ್ದರೆ ಬಾಟಲಿಯ ಬಿರಡೆ ತೆಗೆಯುವ ತಿರುಪುಗಳ ಮುಂದೆ ನಿಂತು, ಜೀವಮಾನದಲ್ಲಿ ಅಂಥದ್ದು ನೋಡಿಯೇ ಇಲ್ಲವೆಂಬಂತೆ ನೋಡುತ್ತಿದ್ದ. ನಿಜಕ್ಕೂ ನೋಡಿರಲಿಲ್ಲವೇನೋ. ಅವಳು ಬಿಡುವಾದ ಮೇಲೆ ಅವರಿಬ್ಬರ ಕಾರ್ಯಕ್ರಮ. ಕುರಿ ಮಾಂಸ ಎಲೆಕೋಸಿಗೆ ಯಾವುದು, ಉಪ್ಪು ಹಾಕಿ ಒಣಗಿಸಿದ ಪಕ್ಕೆಲುಬಿಗೆ ಯಾವುದು, ಎಷ್ಟು ತಣ್ಣಗಿರಬೇಕು, ಎಷ್ಟು ಮುಂಚೆ ತೆರೆದಿಡಬೇಕು. ಅವಳು ಹೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ಹತ್ತು ನಿಮಿಷದ ಈ ಮಾತಿಗಾಗಿ ಗುಡ್ರುನ್ ಶುಕ್ರವಾರ ಬೇರೆ ಸ್ವೆಟರ್ ಹಾಕಿಕೊಂಡು ಬರುತ್ತಿದ್ದಳು.

"ನೀಲಿ ಸ್ವೆಟರ್ ಬಂತು. ಇವತ್ತು ಶುಕ್ರವಾರ ಅಂತ ಕ್ಯಾಲೆಂಡರ್ ನೋಡೋದೇ ಬೇಡ," ಎಂದು ನಾನು ಕಿಚಾಯಿಸುತ್ತಿದ್ದೆ.

"ಬಾಯಿ ಮುಚ್ಕೊಂಡು ಡಬ್ಬ ಒಡಿ," ಎನ್ನುತ್ತಿದ್ದಳು.

"ಹೋದ ವಾರದ್ದು ಹೇಗಿತ್ತಂತೆ?"

"ಚೆನ್ನಾಗಿತ್ತಂತೆ. ಯಾವಾಗ್ಲೂ ಅದೇ. ಒಂದು ದಿನ ಹುಳಿ ಅನ್ನಲ್ಲ, ಒಗರು ಅನ್ನಲ್ಲ. ಆ ಮನುಷ್ಯನಿಗೆ ನಾಲಿಗೆ ಇದೆಯೋ ಇಲ್ವೋ!"

ಹೀಗೆ ರೇಗಿದವಳು ಆಮೇಲೆ ಗೋದಾಮಿನಲ್ಲಿ ಸುಮ್ಮನೆ ಕೂತಿರುವುದನ್ನು ನೋಡಿದ್ದೇನೆ. ಒಂದು ದಿನ ನನಗೆ ತಡೆಯಲಿಲ್ಲ. "ಲೇ ಗುಡ್ರುನ್, ನೀನೇ ಕೇಳಿಬಿಡು. ಎದುರು ಕಾಫಿ ಅಂಗಡಿ ಇದೆ. ಬರ್ತೀರಾ ಅಂತ ಕೇಳೋಕೆ ಏನು ರೋಗ?"

"ಕೇಳಿ?"

"ಕೇಳಿ ಏನು, ಕಾಫಿ ಕುಡಿ!"

"ಬೆರಿತ್, ಅವರು ಪ್ರತಿ ವಾರ ಇಬ್ಬರು ಅಂತಾರೆ. ಒಂದು ವಾರನೂ ತಪ್ಪಿಲ್ಲ. ಆ ಮನೇಲಿ ಒಬ್ಬಳು ಇದ್ದಾಳೆ. ನಾನು ಆರಿಸಿದ್ದನ್ನ ಕುಡಿದು ಚೆನ್ನಾಗಿದೆ ಅಂತಾಳೆ. ಇವರು ಬಂದು ನನಗೆ ಹೇಳ್ತಾರೆ. ಆ ಮೇಜಿಗೆ ನಾನು ಮೂರನೆಯವಳಾಗಿ ಹೋಗ್ಲಾ?"

"ಯಾರು ಅವಳು ಅಂತ ಕೇಳು."

"ಅದು ನಾವು ಕೇಳೋ ಪ್ರಶ್ನೆ ಅಲ್ಲ."

ಅಲ್ಲವೇ ಅಲ್ಲ. ಊಟಕ್ಕೆ ಏನು, ಎಷ್ಟು ಜನ, ಅಲ್ಲಿಗೆ ನಮ್ಮ ಹಕ್ಕು ಮುಗಿಯಿತು. ಬೇರೆ ದೇಶದಲ್ಲಾಗಿದ್ದರೆ ಯಾವಳಾದರೂ ಒಬ್ಬಳು ಕತ್ತು ಚಾಚಿ, "ಯಾರ್ರೀ ಅದು ಇನ್ನೊಬ್ಬರು?" ಎಂದು ಒಂದೇ ವಾರದಲ್ಲಿ ಕೇಳಿಬಿಡುತ್ತಿದ್ದಳು. ನಮ್ಮೂರಲ್ಲಿ ಹಾಗೆ ಕೇಳಿದವಳ ಮುಖ ಯಾರೂ ನೋಡುವುದಿಲ್ಲ.

ಗುಡ್ರುನ್ ನಿವೃತ್ತಿಯಾದದ್ದು ಈಸ್ಟರ್ ಮುಂಚಿನ ಬುಧವಾರ. ಮಾರನೆಯ ದಿನದಿಂದ ಅಂಗಡಿಗೆ ಸಾಲು ರಜೆ, ಆದ್ದರಿಂದ ಹಾಲ್ವರ್ ಶುಕ್ರವಾರದ ಬದಲು ಅವತ್ತೇ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಕೋಟು ತೂಗುಹಾಕುತ್ತಾ, "ಇವತ್ತು ಕೇಳ್ತೀನಿ," ಎಂದಳು. "ನಾಳೆಯಿಂದ ನಾನು ಅಂಗಡಿಯವಳಲ್ಲ. ನಾಚಿಕೆಗೆಟ್ಟು ಕೇಳೇಬಿಡ್ತೀನಿ."

ರಜೆಯ ಹಿಂದಿನ ದಿನ ನಮ್ಮ ಅಂಗಡಿ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಸಾಲು ರಸ್ತೆಯವರೆಗೆ ಬೆಳೆದಿತ್ತು. ಹಾಲ್ವರ್ ಅದರಲ್ಲಿ ಮುಕ್ಕಾಲು ಗಂಟೆ ನಿಂತು ಅವಳ ಮುಂದೆ ಬಂದ. ಅವತ್ತು ಕ್ಷೌರ ಮಾಡಿಸಿಕೊಂಡು ಬಂದಿದ್ದ, ಕಿವಿಯ ಹಿಂದೆ ಬೆಳ್ಳಗೆ ಕಾಣುತ್ತಿತ್ತು.

"ಕುರಿ ತೊಡೆ," ಎಂದ.

"ಎಷ್ಟು ಜನ?"

"ಇಬ್ಬರು." ಆಮೇಲೆ, "ನೀವು ಇನ್ನು ಬರಲ್ಲ ಅಂದ್ರು," ಎಂದ.

"ಇಲ್ಲ. ಇವತ್ತೇ ಕೊನೆ."

ಹಿಂದಿನಿಂದ ಯಾರೋ, "ಸ್ವಾಮಿ, ಬೇಗ ಆಗ್ಲಿ, ನಮಗೂ ಈಸ್ಟರ್ ಇದೆ!" ಎಂದರು. ಜನ ನಕ್ಕರು. ಹಾಲ್ವರ್ ಕೈ ಚಾಚಿದ, ಗುಡ್ರುನ್ ಕೈ ಕುಲುಕಿದಳು. ಅವನು ಬಾಟಲಿ ಹಿಡಿದು ಹೊರಟುಹೋದ. ಅವಳು ಮುಂದಿನವನಿಗೆ, "ಊಟಕ್ಕೆ ಏನು ಮಾಡ್ತೀರಿ?" ಎಂದಳು. ನಾನು ಪಕ್ಕದ ಕೌಂಟರಿನಲ್ಲಿ ನಿಂತು ಇದನ್ನೆಲ್ಲ ನೋಡಿದೆ.

ಈಗ ನನ್ನ ತಪ್ಪು. ಆಮೇಲೆ ಹಾಲ್ವರ್ ಅಂಗಡಿಗೆ ಒಂದು ಸಲವೂ ಬರಲಿಲ್ಲ. ಮೊದಲ ಶುಕ್ರವಾರ ಗಮನಿಸಿದೆ, ಎರಡನೆಯ ಶುಕ್ರವಾರ ಬಾಗಿಲನ್ನೇ ನೋಡುತ್ತಿದ್ದೆ. ಅವನ ಗಾಡಿ ರಸ್ತೆಯಲ್ಲಿ ಓಡಾಡುತ್ತಿತ್ತು, ಅಂಗಡಿಯ ಬಳಿ ನಿಲ್ಲುತ್ತಿರಲಿಲ್ಲ. ಇದರ ಅರ್ಥ ಮಗುವಿಗೂ ಆಗುತ್ತದೆ. ನಾನು ಗುಡ್ರುನ್‌ಗೆ ಹೇಳಲಿಲ್ಲ. ಯಾರು ಬಂದರು, ಯಾರು ಬರಲಿಲ್ಲ ಎನ್ನುವುದು ಅಂಗಡಿಯ ಮಾತು, ಅವಳು ಈಗ ಹೊರಗಿನವಳು. ಇಂಥ ಮೂರ್ಖತನವನ್ನು ನಾವು ಶಿಸ್ತು ಎಂದು ಕರೆಯುತ್ತೇವೆ. ಒಂದು ದಿನ ಅವಳ ಮನೆಗೆ ಹೋದಾಗ ಅವಳೇ ಕೇಕು ಕತ್ತರಿಸುತ್ತಾ, ನನ್ನ ಮುಖ ನೋಡದೆ, "ಶುಕ್ರವಾರಗಳು ಹೇಗಿವೆ?" ಎಂದಳು. "ಜನ ಬರ್ತಾರೆ, ಹೋಗ್ತಾರೆ," ಎಂದೆ. ಅವಳು ಮತ್ತೆ ಕೇಳಲಿಲ್ಲ.

ಎರಡನೆಯ ವರ್ಷದ ಸೆಪ್ಟೆಂಬರಿನಲ್ಲಿ ಒಬ್ಬ ಹೆಂಗಸು ಅಂಗಡಿಯ ಹೊರಗೇ ನಿಂತು ಕೈಬೀಸಿ ಕರೆದಳು. ಉದ್ದ ಲಂಗ, ಬಿಗಿಯಾಗಿ ಕಟ್ಟಿದ ಕೂದಲು, ನೋಡಿದರೆ ಪ್ರಾರ್ಥನಾ ಮಂದಿರದವಳು. ಹೊಸ್ತಿಲು ದಾಟಲು ಅವಳಿಗೆ ಮನಸ್ಸಿಲ್ಲ. ನಾನೇ ಹೊರಗೆ ಹೋದೆ. ಅವಳ ಹೆಸರು ಮಾರಿತ್, ಹಾಲ್ವರ್‌ನ ಅಕ್ಕನ ಮಗಳು.

"ಮಾವ ಹೋದ ವಾರ ತೀರಿಕೊಂಡ್ರು. ಹೃದಯ. ಮನೆ ಖಾಲಿ ಮಾಡ್ತಿದೀವಿ. ಬಾಟಲಿಗಳಿವೆ. ನೀವು ವಾಪಸ್ ತಗೋತೀರಾ?"

"ತೆರೆಯದೆ ಇದ್ರೆ, ಹೊಸದಾದ್ರೆ ತಗೋತೀವಿ."

"ಒಂದೂ ತೆರೆದಿಲ್ಲ. ಆದ್ರೆ ಹೊಸದೇನಲ್ಲ. ನೆಲಮಾಳಿಗೆ ತುಂಬ ಇದೆ."

ಅಲ್ಲೇ ನಿಂತ ನಿಲುವಿನಲ್ಲಿ ನನಗೆ ಎಲ್ಲ ಅರ್ಥವಾಯಿತು. ಗುಡ್ರುನ್‌ಗೆ ಫೋನು ಮಾಡಿ, ಹಾಲ್ವರ್ ತೀರಿಕೊಂಡದ್ದನ್ನು ಹೇಳಿದೆ. "ಕೋಟು ಹಾಕ್ಕೊ. ಅವನ ಮನೆಗೆ ಹೋಗ್ಬೇಕು," ಎಂದೆ. ಅವಳು ಕೋಟು ಹಾಕಿಕೊಂಡು ಬಂದಳು, ಮಾರಿತ್ ಜೊತೆ ಹೊರಟೆವು.

ಆಲೂಗೆಡ್ಡೆ ಇಡುವ ನೆಲಮಾಳಿಗೆ. ಮೂರು ಗೋಡೆಗೂ ಹಲಗೆ ಹೊಡೆದು ಬಾಟಲಿಗಳನ್ನು ತಾರೀಖಿನ ಪ್ರಕಾರ ಮಲಗಿಸಿದ್ದ. ಪ್ರತಿಯೊಂದರ ಕತ್ತಿಗೂ ದಾರದಲ್ಲಿ ಕಟ್ಟಿದ ಚೀಟಿ. ಗುಡ್ರುನ್ ಒಂದನ್ನು ಬೆಳಕಿಗೆ ಹಿಡಿದಳು. ‘ಕುರಿ, ಎಲೆಕೋಸು. ತಂಪಾಗಿರಲಿ, ತೀರಾ ತಣ್ಣಗೆ ಬೇಡ ಅಂದರು. ಕೆಮ್ಮುತ್ತಿದ್ದರು.’ ಇನ್ನೊಂದು: ‘ಪಕ್ಕೆಲುಬು. ಒಂದು ಗಂಟೆ ಮೊದಲೇ ತೆರೆಯಬೇಕು. ಹೊಸ ಕನ್ನಡಕ.’ ವೈನಿನ ಬಗ್ಗೆ ಅರ್ಧ, ಅವಳ ಬಗ್ಗೆ ಅರ್ಧ. ಹನ್ನೊಂದು ವರ್ಷದ ಶುಕ್ರವಾರಗಳು.

"ಮಾವ ಒಂದು ಹನಿ ಮುಟ್ಟಿದೋರಲ್ಲ," ಎಂದಳು ಮಾರಿತ್. "ಅಜ್ಜಿಗೆ ಮಾತು ಕೊಟ್ಟಿದ್ರು. ಇದನ್ನೆಲ್ಲ ಯಾಕೆ ತಂದಿಟ್ರೋ, ನಮಗ್ಯಾರಿಗೂ ಗೊತ್ತಿಲ್ಲ."

"ಮನೇಲಿ ಇನ್ನೊಬ್ಬರು ಇರ್ಲಿಲ್ವಾ?" ಎಂದಳು ಗುಡ್ರುನ್. ಹನ್ನೊಂದು ವರ್ಷ ಕೇಳಬಾರದೆಂದು ನುಂಗಿಕೊಂಡ ಪ್ರಶ್ನೆಯನ್ನು ಈಗ ಎಷ್ಟು ಸಲೀಸಾಗಿ ಕೇಳಿದಳು.

"ಮಾವನ ಮನೇಲಾ? ಯಾರೂ ಇರ್ಲಿಲ್ಲ. ಯಾವತ್ತೂ."

ಗುಡ್ರುನ್ ಕೊನೆಯ ಹಲಗೆಯವರೆಗೆ ನಡೆದು, ಕೊನೆಯ ಬಾಟಲಿಯ ಚೀಟಿ ಓದಿ ನನ್ನ ಕೈಗೆ ಕೊಟ್ಟಳು. ಈಸ್ಟರ್ ಮುಂಚಿನ ಬುಧವಾರದ್ದು. ‘ಕುರಿ ತೊಡೆ. ಇವತ್ತು ಊಟಕ್ಕೆ ಬನ್ನಿ ಅಂತ ಕರೆಯಬೇಕಿತ್ತು. ಸಾಲು ಉದ್ದವಿತ್ತು.’

ಅದೇ ಕೊನೆಯ ಬಾಟಲಿ ಎಂದ ಮೇಲೆ, ಆಮೇಲೆ ಅವನು ಅಂಗಡಿಗೆ ಬಂದೇ ಇಲ್ಲವೆಂದು ಅವಳಿಗೂ ತಿಳಿಯಿತು. ನಾನು ಬಾಯಿ ಬಿಟ್ಟಿದ್ದರೆ ಒಂದೂವರೆ ವರ್ಷವಾದರೂ ಸಿಗುತ್ತಿತ್ತು, ಒಂದೂವರೆ ವರ್ಷದ ಊಟ. ಗುಡ್ರುನ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಾಪ ಮಾರಿತ್‌ಗೆ ಇದೊಂದೂ ಗೊತ್ತಿಲ್ಲ. ಲಂಗ ಬಾಟಲಿಗಳಿಗೆ ತಾಗದಂತೆ ಎತ್ತಿ ಹಿಡಿದು, "ನೀವು ತಿಳಿದೋರು, ಹೇಳಿ. ಹಳೇದಾದಷ್ಟೂ ವೈನ್ ಒಳ್ಳೇದಾಗತ್ತೆ ಅಂತಾರಲ್ಲ. ಇವು ಬೆಲೆಬಾಳೋದಾ? ಯಾರಿಗಾದ್ರೂ ಕೊಡಬಹುದಾ?" ಎಂದು ಕೇಳಿದಳು.

ಗುಡ್ರುನ್ ಹಲಗೆಗಳ ಉದ್ದಕ್ಕೂ ಕಣ್ಣಾಡಿಸಿದಳು. ಗಿರಾಕಿ ಕೇಳಿದರೆ ಅವಳು ಯಾವತ್ತೂ ಸುಳ್ಳು ಹೇಳಿದವಳಲ್ಲ.

"ಇಲ್ಲಮ್ಮ. ಇವು ಇಟ್ಟುಕೊಳ್ಳೋ ವೈನ್ ಅಲ್ಲ," ಎಂದಳು. "ಅವತ್ತಿನ ರಾತ್ರಿ ಊಟಕ್ಕೆ ಅಂತ ಆರಿಸಿದ್ದು. ಈಗ ಚೆಲ್ಲಬೇಕು, ಅಷ್ಟೇ."