ಹುಲಿಗೆಮ್ಮ ಉತ್ತರ ಹೇಳುವುದನ್ನು ಬಿಟ್ಟದ್ದು

೧೯೭೯ರಲ್ಲಿ ನಾನು ದೇವದುರ್ಗ ತಾಲ್ಲೂಕಿನ ಎ.ಇ.ಓ. ಆಗಿದ್ದೆ. ಎಂದರೆ ಪ್ರಾಥಮಿಕ ಶಾಲೆಗಳನ್ನು ತಪಾಸಣೆ ಮಾಡುವ ಅಧಿಕಾರಿ. ಹೆಂಡತಿ ಮಕ್ಕಳು ರಾಯಚೂರಿನಲ್ಲಿ, ನಾನು ದೇವದುರ್ಗದ ಬಾಡಿಗೆ ಕೋಣೆಯಲ್ಲಿ. ಹಾಜರಿ ಪುಸ್ತಕ ನೋಡುವುದು, ಮಕ್ಕಳಿಗೆ ನಾಲ್ಕು ಪ್ರಶ್ನೆ ಕೇಳುವುದು, ಮಾಸ್ತರರು ತರಿಸಿದ ಚಹಾ ಕುಡಿದು ‘ತೃಪ್ತಿಕರ’ ಎಂದು ಬರೆದು ಬರುವುದು, ಇದೇ ನನ್ನ ತಪಾಸಣೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಜಾಲಹಳ್ಳಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಒಂದು ಹಳ್ಳಿ, ಹೆಸರು ಬೇಡ. ಆ ಜುಲೈನಲ್ಲಿ ಅಲ್ಲಿಯ ಏಳನೆಯ ತರಗತಿಗೆ ಹೋಗಿ ‘ಹದಿನೇಳೊಂಬತ್ತಲೆ ಎಷ್ಟು?’ ಎಂದು ಕೇಳಿದೆ. ಹನ್ನೊಂದು ಹುಡುಗರು ಎದ್ದು ನಿಂತು ಜಂತಿ ಎಣಿಸಿದರು. ಹಿಂದೆ ಕೂತಿದ್ದ ಹುಲಿಗೆಮ್ಮ, ಹೊಲಗೂಲಿ ಮಾಡುವ ಅಂಬಮ್ಮನ ಮಗಳು, “ನೂರಾ ಐವತ್ತಮೂರ್ರಿ” ಎಂದಳು. ನನಗೆ ಖುಷಿಯೋ ಖುಷಿ. ನಮ್ಮ ಶಾಲೆಗಳಲ್ಲಿ ಒಂದು ರೂಢಿಯಿತ್ತು: ಉತ್ತರ ಹೇಳಿದ ಮಗು ಹೇಳದವರ ಮೂಗು ಹಿಡಿದು ಕಪಾಳಕ್ಕೆ ಹೊಡೆಯಬೇಕು. “ಎಲ್ಲಾರ ಮೂಗ ಹಿಡದು ಹೊಡಿಯವ್ವಾ” ಎಂದೆ. ಅವಳು ಮೆಲ್ಲಗೆ ಸವರಿದಳು. “ಜೋರ ಹೊಡಿ!” ಎಂದು ಗದರಿದವನೂ ನಾನೇ. ಹನ್ನೊಂದನೆಯವನು ಊರ ಗೌಡರ ಮಗ, ತರಗತಿಯ ಮಾನಿಟರ್. ಅವನಿಗೂ ಜೋರಾಗಿಯೇ ಬಿತ್ತು. ಕೂಲಿಯವಳ ಮಗಳು ಗೌಡರ ಮಗನ ಕಪಾಳಕ್ಕೆ ಹೊಡೆದರೆ ಮುಂದೇನಾಗುತ್ತದೆ ಎಂಬುದು ದನ ಕಾಯುವವನಿಗೂ ತಿಳಿಯುತ್ತಿತ್ತು, ಈ ಸಾಹೇಬನಿಗೆ ತಿಳಿಯಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಹೋದೆ. ಹುಲಿಗೆಮ್ಮನನ್ನೇ ಎಬ್ಬಿಸಿ ಲೆಕ್ಕ ಕೇಳಿದೆ. ಬಾಯಿ ಬಿಡಲಿಲ್ಲ. ಎರಡರ ಮಗ್ಗಿಯನ್ನೂ ಹೇಳಲಿಲ್ಲ. ಹೆಡ್ ಮಾಸ್ತರರು ನಡುವೆ ಬಂದರು: “ಇಕಿ ತಲಿ ಮಬ್ಬ ಆಗ್ಯದ ಸಾಹೇಬ್ರ. ಪಬ್ಲಿಕ್ ಪರೀಕ್ಷಾಕ್ಕ ಕಳಿಸಿದ್ರ ನಮ್ಮ ಶಾಲಿ ರಿಜಲ್ಟ್ ಕೆಡ್ತದ. ಫಾರ್ಮ್ ತುಂಬಂಗಿಲ್ಲ.” ಫಾರ್ಮಿಗೆ ಎಂಟು ದಿನ ಉಳಿದಿತ್ತು. ಏಳನೆಯದು ಪಾಸಾದರೆ ದೇವದುರ್ಗದ ಹಾಸ್ಟೆಲು, ಹೈಸ್ಕೂಲು. ಇಲ್ಲದಿದ್ದರೆ ತಾಯಿಯ ಜೊತೆ ಹತ್ತಿ ಬಿಡಿಸುವ ಕೂಲಿ. ಅವರ ಓಣಿಯಲ್ಲಿ ಏಳನೆಯದು ದಾಟಿದ ಹುಡುಗಿ ಅಲ್ಲಿಯವರೆಗೆ ಒಬ್ಬಳೂ ಇರಲಿಲ್ಲ.

ಫಾರ್ಮನ್ನು ನನ್ನೆದುರಿಗೇ ತುಂಬಿಸಿ ಅಂಬಮ್ಮನ ಮನೆಗೆ ಹೋದೆ. ಆಕೆ ಕೂಡಲಿಕ್ಕೂ ಹೇಳಲಿಲ್ಲ.

“ಹೊಡಿ ಅಂದಾವ್ರು ನೀವಽ ಅಲ್ರೀ ಯಪ್ಪಾ. ಹೊಡಿಸಿ ನೀವು ಬಸ್ ಹತ್ತಿ ಹೋದ್ರಿ. ಅವತ್ತಿಂದ ಶಾಲಿ ಬಿಟ್ಟ ಮ್ಯಾಲ ಹಳ್ಳದ ದಂಡ್ಯಾಗ ಆ ಹುಡುಗ್ರು ನಿಂತು ದಿನಾ ನನ್ನ ಮಗಳ ಮೂಗ ಹಿಡದು ಹೊಡಿತಾರ. ಉತ್ರ ಹೇಳಿದ ದಿನ ಇನ್ನಾ ಜಾಸ್ತಿ. ಅದಕ್ಕ ಹೇಳೋದಽ ಬಿಟ್ಟಾಳ.”

ನಾಚಿಕೆಯಿಂದ ನನ್ನ ಮುಖ ಕೆಳಗಾಯಿತು. ಮರಳಿ ಬಂದು ಹೆಡ್ ಮಾಸ್ತರರನ್ನು ಕೇಳಿದರೆ, “ಗೊತ್ತದ ರೀ. ಶಾಲಿ ಬಿಟ್ಟ ಮ್ಯಾಲಿಂದು ನಮ್ಮ ಜವಾಬ್ದಾರಿ ಅಲ್ಲಲ್ರೀ” ಎಂದರು. ಗೊತ್ತಿತ್ತಂತೆ! ಶಾಲೆ ಐದಕ್ಕೆ ಬಿಡಬೇಕು. ಇಬ್ಬರೂ ಮಾಸ್ತರರು ದೇವದುರ್ಗದವರು, ಬಸ್ಸಿಗೆಂದು ನಾಲ್ಕೂವರೆಗೇ ಹೊರಡುತ್ತಿದ್ದರು. ಕೊನೆಯ ಗಂಟೆ ಬಾರಿಸುವುದು ಮಾನಿಟರನ ಕೆಲಸ.

ಮೈ ಉರಿದು, ತಾಲ್ಲೂಕಿನ ಹೆಡ್ ಮಾಸ್ತರರನ್ನೆಲ್ಲ ದೇವದುರ್ಗಕ್ಕೆ ಕರೆಸಿದೆ. ಎರಡು ನಿಯಮ ಮಾಡಿದೆ. ಮಕ್ಕಳಿಂದ ಮಕ್ಕಳಿಗೆ ಹೊಡೆಸಕೂಡದು. ಪ್ರತಿ ಶನಿವಾರ ಕೊನೆಯ ಪಿರಿಯಡ್ಡಿನಲ್ಲಿ ಯಾರು ಯಾರಿಗೆ ಕಾಟ ಕೊಟ್ಟರೆಂದು ಮಕ್ಕಳು ಹೇಳಬೇಕು, ಮಾಸ್ತರರು ಬರೆದುಕೊಳ್ಳಬೇಕು. “ಹಂಗಾದ್ರ ಹುಡುಗ್ರಿಗೆ ಅಂಜಿಕಿ ಎಲ್ಲಿಂದ ಬರ್ತದ್ರಿ?” ಎಂದು ಗೊಣಗುತ್ತಲೇ ಹೋದರು. ತಿಂಗಳ ವರದಿಗಳು ಬಂದವು. ಎಲ್ಲ ‘ನಿಲ್’, ಅಂದರೆ ಏನೂ ಇಲ್ಲ. ಒಬ್ಬ ಮಹಾಶಯರಂತೂ ‘ನಮ್ಮ ಶಾಲೆಯಲ್ಲಿ ಮಕ್ಕಳು ಹೊಡೆಯುವುದಿಲ್ಲ, ಹೊಡೆಯಲು ನಾವಿದ್ದೇವೆ’ ಎಂದು ಬರೆದು ಸಹಿ ಹಾಕಿ ಮೊಹರನ್ನೂ ಒತ್ತಿದ್ದರು. ತಲೆ ಚಚ್ಚಿಕೊಂಡೆ.

ಜನವರಿಯಲ್ಲಿ ಆ ಹಳ್ಳಿಗೆ ಹೋಗಿ ಹೊಸ ನಿಯಮದ ಮೇಲೆ ಅರ್ಧ ಗಂಟೆ ಭಾಷಣ ಮಾಡಿದೆ. ಇನ್ನು ಯಾರೂ ಹೊಡೆಯುವುದಿಲ್ಲ ಎಂದು ಹೇಳಿ ಹುಲಿಗೆಮ್ಮನಿಗೆ ಪ್ರಶ್ನೆ ಕೇಳಿದೆ. ಮತ್ತೆ ಮೌನ. ಸಿಟ್ಟು ನೆತ್ತಿಗೇರಿತು. ಪಡಸಾಲೆಗೆ ಕರೆದು, “ಯಾಕವ್ವಾ, ಹೇಳಿದ್ನಲ್ಲ, ಇನ್ನ ಯಾರೂ ಮುಟ್ಟಂಗಿಲ್ಲ ಅಂತ?” ಎಂದೆ.

ಅವಳು ನೆಲ ನೋಡುತ್ತ ಕೇಳಿದಳು: “ನೀವು ಹೋದಮ್ಯಾಲ್ರೀ?”

ತಾಲ್ಲೂಕಿಗೆಲ್ಲ ಸುತ್ತೋಲೆ ಹೊರಡಿಸಿದ್ದೆ, ಆ ಹಳ್ಳದ ದಂಡೆಗೆ ಒಬ್ಬ ದೊಡ್ಡವರನ್ನೂ ಕಳಿಸಿರಲಿಲ್ಲ. ಒಳಗೆ ಹೋಗಿ ಹನ್ನೊಂದು ಹುಡುಗರ ಮುಂದೆ ನಿಂತು, “ತಪ್ಪು ಆಕಿದಲ್ಲ, ನಂದು. ಹೊಡಿಸಿದಾವ ನಾನು. ಸಿಟ್ಟಿದ್ರ ನನ್ನ ಮ್ಯಾಲ ಇರ್ಲಿ” ಎಂದೆ. ಗೌಡರ ಮಗ ತಲೆ ತಗ್ಗಿಸಿದ. ಸಾಹೇಬರು ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರಲ್ಲ ಎಂದು ಹೆಡ್ ಮಾಸ್ತರರ ಮುಖ ಹುಳ್ಳಗಾಯಿತು. ಅಂದಿನಿಂದ ಮಾಸ್ತರರಿಬ್ಬರಲ್ಲಿ ಒಬ್ಬರು ಐದರವರೆಗೆ ಇದ್ದು, ಹಳ್ಳ ದಾಟುವ ತನಕ ಮಕ್ಕಳ ಜೊತೆ ನಡೆಯಬೇಕೆಂದು ಲಿಖಿತ ಆದೇಶ ಕೊಟ್ಟೆ.

“ಆರೂವರಿ ಬಸ್ಸಿಗೆ ಹೋದ್ರ ಮನಿ ಮುಟ್ಟೋದ್ರಾಗ ಕತ್ಲಾಗ್ತದ್ರಿ.”

“ಆಗ್ಲಿ ಮಾಸ್ತರ, ಬ್ಯಾಟರಿ ಇಟ್ಕೊರ್ರಿ.”

ಆದೇಶ ಪಾಲನೆಯಾದೀತೆಂಬ ನಂಬಿಕೆ ನನಗಿರಲಿಲ್ಲ. ನಾಲ್ಕನೆಯ ವಾರ ಹೆಡ್ ಮಾಸ್ತರರಿಂದ ಒಂದು ಪೋಸ್ಟ್ ಕಾರ್ಡು ಬಂತು: ‘ಮಾನ್ಯರೆ, ಹುಲಿಗೆಮ್ಮ ಇಂದು ಮೂರು ಪ್ರಶ್ನೆಗೆ ಉತ್ತರ ಹೇಳಿದಳು. ನನಗೆ ಬಸ್ಸು ತಪ್ಪಿತು.’ ನಕ್ಕೆ, ಕಣ್ಣಲ್ಲಿ ನೀರೂ ಬಂತು. ಅವಳು ಪಾಸಾಗಿ ಜೂನಿನಲ್ಲಿ ದೇವದುರ್ಗದ ಹಾಸ್ಟೆಲು ಸೇರಿದಳು.

೧೯೮೨ರಲ್ಲಿ ಮಾನ್ವಿಗೆ ವರ್ಗವಾಯಿತು. ಮೊದಲ ತಪಾಸಣೆಯಲ್ಲೇ ಒಬ್ಬ ಮಾಸ್ತರರು ನನ್ನನ್ನು ಮೆಚ್ಚಿಸಲೆಂದು ಒಂದು ಮಗುವಿನಿಂದ ಉಳಿದವರ ಕಪಾಳಕ್ಕೆ ಹೊಡೆಸತೊಡಗಿದರು. ನಾನು ಕೂಗಾಡಿದ ರಭಸಕ್ಕೆ ಮಕ್ಕಳೇ ಹೆದರಿದರು. “ಸಾಹೇಬ್ರು ಬಂದಾರಂತ ಮಾಡ್ಸಿದ್ನ್ರೀ” ಎಂದರು ಮಾಸ್ತರರು, ಪಾಪ. ಯಾರ ಮೇಲೆ ಸಿಟ್ಟು ಮಾಡುವುದು?

ನಿಯಮ, ಸಭೆ, ವರದಿ ಎಲ್ಲ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಗಂಟೆ ಬಾರಿಸಿದ ಮೇಲೂ ಒಬ್ಬ ದೊಡ್ಡವರು ಅಲ್ಲಿ ನಿಂತಿರದಿದ್ದರೆ ಅವೆಲ್ಲ ಬರೀ ಕಾಗದ. ನಿವೃತ್ತನಾಗುವ ತನಕ ಪ್ರತಿ ಶಾಲೆಯಲ್ಲೂ ಮೊದಲ ಪ್ರಶ್ನೆಯನ್ನು ನಾನು ಮಾಸ್ತರರಿಗೇ ಕೇಳಿದೆ: “ಶಾಲಿ ಬಿಟ್ಟಾಗ ನೀವು ಎಲ್ಲಿರ್ತೀರಿ?”

ಬಹಳ ಮಂದಿ ಬಸ್ಸಿನ ಟೈಮು ಹೇಳಿದರು.