ಮೂರು ಗಂಟೆಗೆ ಆರುವ ಡಬ್ಬಿ

ಆ ಮಳೆಗಾಲದಲ್ಲಿ ನಾನು ಜಗಳವಾಡದೆ ಬಿಟ್ಟವರು ಕಡಿಮೆ. ಹೆಚ್ಚಿನ ಪಾಲು ಸಿಕ್ಕಿದ್ದು ನಮ್ಮ ಬಿಲ್ಡಿಂಗಿನ ಇಂಟರ್ನೆಟ್ ಲೈನ್ ನೋಡಿಕೊಳ್ಳುತ್ತಿದ್ದ ವಿಜಯಪುರದ ಕೇಬಲ್‌ನವನಿಗೆ. ಕಾರಣ, ಕಾಂದಿವಲಿಯ ನಮ್ಮ ಮನೆಯ ಹಾಲಿನಲ್ಲಿ ಟಿವಿಯ ಪಕ್ಕ ಕೂತಿದ್ದ ಒಂದು ಸಣ್ಣ ಕಪ್ಪು ಡಬ್ಬಿ.

ಅದು ಏನು ಮಾಡುತ್ತಿತ್ತು ಎಂದು ಹೇಳಿಬಿಡುತ್ತೇನೆ. ಹೆಸರು ಹೇಳಿಕೊಳ್ಳಲಾಗದವರು ತಮ್ಮ ಮಾತು ಕಳಿಸಲು ಬಳಸುವ ಒಂದು ಜಾಲ ಇಂಟರ್ನೆಟ್ಟಿನಲ್ಲಿದೆ. ಅದಕ್ಕೆ ಕಚೇರಿಯಿಲ್ಲ, ಯಜಮಾನರಿಲ್ಲ. ನನ್ನಂಥವರು ಅಲ್ಲಲ್ಲಿ ಮನೆಗಳಲ್ಲಿಟ್ಟ ಡಬ್ಬಿಗಳೇ ಆ ಮಾತುಗಳನ್ನು ಅಂಟಿಸಿದ ಲಕೋಟೆಗಳ ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಒಳಗೇನಿದೆ, ಯಾರದ್ದು, ಯಾರಿಗೆ, ಯಾವುದೂ ನನಗೆ ಗೊತ್ತಾಗುವುದಿಲ್ಲ. ಗೊತ್ತಾಗಬಾರದು.

ಈ ಕೆಲಸ ನನಗೆ ಹಿಡಿಸಿದ್ದು ಅಪ್ಪನಿಂದ. ಅಪ್ಪ ಕುರ್ಲಾ ಸ್ಟೇಷನ್ ಬಳಿಯ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಜೀವಮಾನವಿಡೀ ಕೂತವರು. ಚಾಳಿನಲ್ಲಿ ಹಾಸಿಗೆಯಷ್ಟೇ ಜಾಗ ಇದ್ದವರು, ಕಟ್ಟಡದ ಕೆಲಸಕ್ಕೆ ಬಂದು ತಿಂಗಳಿಗೊಂದು ಕಡೆ ಇರುತ್ತಿದ್ದವರು, ಎಲ್ಲರೂ ಊರಿಗೆ ಕೊಡುತ್ತಿದ್ದ ವಿಳಾಸ ಆ ಹೋಟೆಲಿನದು. ಅವರ ಕಾಗದಗಳನ್ನು ಅಪ್ಪ ಗಲ್ಲಾದ ಹಿಂದಿನ ಗೂಡಿನಲ್ಲಿಟ್ಟು, ಚಹಾಕ್ಕೆ ಬಂದಾಗ ಗುರುತು ಹಿಡಿದು ಕೊಡುತ್ತಿದ್ದರು. ಒಂದನ್ನೂ ಒಡೆದು ನೋಡಿದವರಲ್ಲ.

ಆದರೆ ಡಬ್ಬಿ ನಿಲ್ಲುತ್ತಿರಲಿಲ್ಲ. ಹೊಸ ಡಬ್ಬಿಯನ್ನು ಜಾಲ ಕೂಡಲೇ ನಂಬುವುದಿಲ್ಲ. ವಾರಗಟ್ಟಲೆ ಎಡೆಬಿಡದೆ ಚಾಲೂ ಇದ್ದರಷ್ಟೇ ಹೆಚ್ಚು ಕೆಲಸ ಒಪ್ಪಿಸುತ್ತದೆ. ನನ್ನದು ದಿನಾ ಮಧ್ಯಾಹ್ನ ಮೂರಕ್ಕೆ ಸತ್ತು ನಾಲ್ಕಕ್ಕೆ ಮತ್ತೆ ಜೀವ ಪಡೆಯುತ್ತಿತ್ತು. ಪವಾಯಿಯ ಆಫೀಸಿನಲ್ಲಿ ಮೀಟಿಂಗಿನ ಮಧ್ಯೆ ಮೇಜಿನ ಕೆಳಗೆ ಫೋನ್ ನೋಡಿ ಹಲ್ಲು ಕಡಿಯುತ್ತಿದ್ದೆ. ಎರಡು ತಿಂಗಳು ಒದ್ದಾಡಿದರೂ ಅದು ನಿನ್ನೆ ಮೊನ್ನೆ ಬಂದ ಹೊಸಬನಾಗಿಯೇ ಉಳಿಯಿತು. ರೂಟರ್ ಬದಲಿಸಿದೆ, ವೈರ್ ಬದಲಿಸಿದೆ. ಕೇಬಲ್‌ನವನನ್ನು ಕರೆಸಿ ಬಾಯಿಗೆ ಬಂದಂತೆ ಬೈದೆ.

"ಸರ, ಲೈನ್ ಏಕದಂ ಬರೋಬ್ಬರಿ ಐತ್ರಿ. ನಿಮ್ಮ ಮನ್ಯಾಗ ಏನರ ಲೋಚಾ ಐತಿ ನೋಡ್ರಿ" ಎಂದು ಅವನು ಪ್ರತಿ ಸಲವೂ ಹೇಳಿದ. ಕೇಳುವ ವ್ಯವಧಾನ ನನಗಿರಲಿಲ್ಲ. ಭಾನುವಾರ ಮಾತ್ರ ಡಬ್ಬಿ ಆರುತ್ತಿರಲಿಲ್ಲ. ರಜಾದಿನ ಲೈನಿನ ಮೇಲೆ ಭಾರ ಕಡಿಮೆ, ಅದಕ್ಕೇ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಕೊನೆಗೆ ಒಂದು ಬುಧವಾರ ರಜೆ ಹಾಕಿ, ಕಳ್ಳನನ್ನು ಹಿಡಿಯುವ ಹುರುಪಿನಲ್ಲಿ ಕೇಬಲ್‌ನವನನ್ನು ಮೂರಕ್ಕೆ ಸರಿಯಾಗಿ ಮನೆಗೆ ಕರೆಸಿದೆ. ಅವನು ವೈರ್‌ಗೆ ಮೀಟರ್ ಹಿಡಿದು ಕೂತಿದ್ದ. ಅಪ್ಪ ಒಳಗಿನಿಂದ ಲುಂಗಿ ಎತ್ತಿ ಕಟ್ಟಿಕೊಂಡು ಬಂದರು. ಅಡುಗೆಮನೆಯ ದೀಪ, ಟಿವಿ, ಮೂಲೆಯ ಫ್ಯಾನು, ಕೊನೆಗೆ ಡಬ್ಬಿಯ ಸ್ವಿಚ್ಚು, ಒಂದೊಂದಾಗಿ ಟಕ್ ಟಕ್ ಎಂದು ಆರಿಸಿ ದಿವಾನದ ಮೇಲೆ ಮಲಗಿಬಿಟ್ಟರು. ಕೇಬಲ್‌ನವನು ನಗು ತಡೆಯಲು ಕಿಟಕಿಯ ಕಡೆ ತಿರುಗಿದ.

ಅಪ್ಪ ಇದ್ದ ಹೋಟೆಲಿನಲ್ಲಿ ಊಟದ ಗದ್ದಲ ಮುಗಿದ ಮೇಲೆ ಮೂರಕ್ಕೆ ಶಟರ್ ಅರ್ಧ ಇಳಿಸಿ, ಎಲ್ಲ ಸ್ವಿಚ್ಚು ಆರಿಸಿ, ಬೆಂಚುಗಳ ಮೇಲೆ ಒಂದು ತಾಸು ಮಲಗುವ ಪದ್ಧತಿ ಇತ್ತು. ಭಾನುವಾರ ಗಿರಾಕಿ ಜಾಸ್ತಿ, ಶಟರ್ ಇಳಿಸುತ್ತಿರಲಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅಪ್ಪನ ಕೈ ಅದನ್ನು ಬಿಟ್ಟಿರಲಿಲ್ಲ. ಇದೆಲ್ಲ ಗೊತ್ತಿದ್ದವನು ನಾನು. ಆದರೂ ಹೊರಗಿನವನ ಎದುರಿಗೇ ಕೂಗಾಡಿದೆ.

"ದಿನಾ ನೀವೇ ಆರಿಸೋದಾ ಅಪ್ಪ? ಯಾರದ್ದೋ ಕಾಗದ ನಿಮ್ಮಿಂದ ಅರ್ಧ ದಾರೀಲಿ ಬಿದ್ದು ಹೋಗ್ತಿದೆ, ಗೊತ್ತಾ?"

ಅಪ್ಪ ಎದ್ದು ಕೂತರು. "ಕಾಗದವಾ? ಯಾರದ್ದು?"

"ಗೊತ್ತಿಲ್ಲ."

"ಯಾರಿಗೆ?"

"ಅದೂ ಗೊತ್ತಿಲ್ಲ."

ಅವರು ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿದರು. "ಅದು ಕಾಗದದ ಡಬ್ಬಿ ಅಂತ ಮೊದ್ಲೇ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ ನಿಂಗೆ?" ಎಂದು ಕೇಳಿ, ತಾವೇ ಹೋಗಿ ಸ್ವಿಚ್ಚು ಹಾಕಿದರು. ಅರ್ಥವಾಗುವುದಿಲ್ಲ ಎಂದುಕೊಂಡು ನಾನು ಅದನ್ನು ಅವರಿಗೆ ಹೇಳಿಯೇ ಇರಲಿಲ್ಲ.

ಮರುದಿನದಿಂದ ಡಬ್ಬಿ ಆರಲಿಲ್ಲ. ದಿನಗಳು ಕೂಡಿದವು, ಜಾಲ ಮೆಲ್ಲಗೆ ಹೆಚ್ಚು ಕೆಲಸ ಕೊಡತೊಡಗಿತು. ಸಂಜೆ ನಾನು ಬರುತ್ತಲೇ ಅಪ್ಪ "ಇವತ್ತು ತುಂಬ ಹೋಯ್ತಾ?" ಎಂದು ಕೇಳುತ್ತಿದ್ದರು. "ತುಂಬ ಹೋಯ್ತು" ಎನ್ನುತ್ತಿದ್ದೆ. ಅಷ್ಟು ದಿನ ಮಾತ್ರ ನಾನು ಯಾರ ಮೇಲೂ ರೇಗಲಿಲ್ಲ.

ಗಣಪತಿ ಹಬ್ಬ ಮುಗಿದ ವಾರದಲ್ಲಿ ಎಲ್ಲ ನಿಂತಿತು. ಡಬ್ಬಿಯ ದೀಪ ಉರಿಯುತ್ತಿದೆ, ಒಂದು ಲಕೋಟೆಯೂ ಬರುತ್ತಿಲ್ಲ. ಈ ಸಲ ಬೈಯದೆ ಕೇಬಲ್‌ನವನನ್ನು ಕೇಳಿದೆ.

"ಕಂಪನಿಯವ್ರು ಪೂರಾ ಬಿಲ್ಡಿಂಗಿಗೆ ಒಂದ ಇಂಟರ್ನೆಟ್ ಅಡ್ರೆಸ್ ಮಾಡ್ಯಾರ್ರಿ ಸರ. ನಿಮ್ಮಿಂದ ಹೊರಗ ಹೋಗತೈತಿ. ಹೊರಗಿಂದ ತಾನಾಗೇ ಬಂದದ್ದು ಯಾರ ಮನಿದು ಅಂತ ಅದಕ್ಕ ತಿಳಿಯಂಗಿಲ್ಲ. ಬ್ಯಾರೆ ಅಡ್ರೆಸ್ ಬೇಕಂದ್ರ ಆಫೀಸಿನ ಕಾಗದಪತ್ರ ಕೇಳ್ತಾರ್ರಿ."

ನನ್ನ ಹೆಸರಿನಲ್ಲಿ ಯಾವ ಆಫೀಸೂ ಇರಲಿಲ್ಲ. ದೂರು ಕೊಟ್ಟೆ, ಫೋನಿನಲ್ಲಿ ಕಾದೆ, ಯಾರಿಗೂ ನನ್ನ ಗೋಳು ಏನೆಂದೇ ತಿಳಿಯಲಿಲ್ಲ. ಒಂದೇ ವಿಳಾಸಕ್ಕೆ ಬಂದದ್ದನ್ನು ಅಷ್ಟು ಜನರಿಗೆ ತಪ್ಪದೆ ಹಂಚಿದ ಮನುಷ್ಯ ನಮ್ಮ ಮನೆಯಲ್ಲೇ ಇದ್ದಾನೆ, ಇಷ್ಟು ದೊಡ್ಡ ಕಂಪನಿಗೆ ಅದು ಬರುವುದಿಲ್ಲ ಎಂದು ಮೈ ಉರಿಯಿತು. ಅಪ್ಪನಿಗೆ ಹೇಳಬೇಕು ಅಂದುಕೊಂಡೆ. ಸಂಜೆ ಅವರು ಕೇಳಿದಾಗ ಮಾತ್ರ "ತುಂಬ ಹೋಯ್ತು" ಎಂದೇ ಬಾಯಿಗೆ ಬಂತು.

ಮೂರು ವಾರ ಹಾಗೇ ಹೋಯಿತು. ಒಂದು ದಿನ ಜ್ವರ ಬಂದಂತಾಗಿ ಮಧ್ಯಾಹ್ನವೇ ಮನೆಗೆ ಬಂದೆ. ಮೂರು ದಾಟಿತ್ತು. ಹಾಲಿನ ದೀಪ, ಫ್ಯಾನು, ಟಿವಿ ಎಲ್ಲ ಆರಿದ್ದವು. ಡಬ್ಬಿಯ ಸ್ವಿಚ್ಚಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಪ್ಪ ಕೂತಿದ್ದರು. ಕಣ್ಣು ಎಳೆಯುತ್ತಿತ್ತು, ತಲೆ ತೂಗುತ್ತಿತ್ತು. ನನ್ನನ್ನು ಕಂಡು ಗಾಬರಿಯಿಂದ ನೆಟ್ಟಗಾದರು.

"ಇಲ್ಲ ಮಾರಾಯ, ಆರಿಸ್ಲಿಲ್ಲ. ಮಲಗ್ಲಿಕ್ಕೆ ಹೋದ್ರೆ ಅಭ್ಯಾಸಬಲದಿಂದ ಸ್ವಿಚ್ಚಿಗೆ ಕೈ ಹೋಗ್ತದೆ ಅಂತ ಕೂತಿದ್ದೇನೆ."

ಅಷ್ಟೂ ದಿನ ಅವರು ಮಧ್ಯಾಹ್ನ ಮಲಗಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ನೀವು ಮಲಗಿ ಅಪ್ಪ. ಇವತ್ತು ನಾನು ಕೂರ್ತೇನೆ" ಎಂದೆ.

"ನಾಲ್ಕರವರೆಗೆ ಏಳ್ಬೇಡ ಮತ್ತೆ" ಎಂದು ಹೇಳಿ ಅವರು ದಿವಾನಕ್ಕೆ ಹೋದರು. ತಲೆ ಇಟ್ಟದ್ದೇ ಗೊರಕೆ ಶುರುವಾಯಿತು. ಏನೂ ಬಾರದ, ಏನೂ ಹೋಗದ ಆ ಡಬ್ಬಿಯ ಮುಂದೆ ನಾನು ನಾಲ್ಕಾಗುವವರೆಗೂ ಕೂತೆ.