‘ಹೋಗುತ್ತೇನೆ’ ಎಂಬ ಬಟನ್

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡುವುದು ಸಾರಿನ ಉಪ್ಪು ಖಾರಕ್ಕಲ್ಲ, ಸರ್ವರ್ ವಿಷಯಕ್ಕೆ. ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ನಮ್ಮಿಬ್ಬರ ಪುಟ್ಟ ಕಚೇರಿ ಇದೆ. ಅಡಿಕೆ ವ್ಯಾಪಾರಿಗಳಿಗೆ, ಹೋಂಸ್ಟೇ ನಡೆಸುವವರಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕಸುಬು. ನಾನು ಹಳೇ ರೀತಿಯ ವೆಬ್ ಸರ್ವರಿನ ಕಡೆಯವಳು. ಅದು ಬಂದ ಪ್ರತಿಯೊಬ್ಬರಿಗೂ ಒಬ್ಬ ಆಳನ್ನು ಗೊತ್ತು ಮಾಡುತ್ತದೆ. ಬಂದವರು ಏಳುವವರೆಗೆ ಆ ಆಳು ಅವರ ಪಕ್ಕ ಬಿಟ್ಟು ಕದಲುವುದಿಲ್ಲ. ನನ್ನ ಗಂಡ ಈವೆಂಟ್-ಡ್ರಿವನ್ ಎಂಬ ಹೊಸ ರೀತಿಯ ಸಾಫ್ಟ್‌ವೇರ್ ಲೈಬ್ರರಿಗಳ ಭಕ್ತರು. ಅಲ್ಲಿ ಇರುವ ಆಳು ಒಬ್ಬನೇ. ಯಾರಾದರೂ ಏನಾದರೂ ಕೇಳಿದರೆ ಅವರತ್ತ ತಿರುಗುತ್ತಾನೆ, ಕೊಟ್ಟು ಮುಂದೆ ಹೋಗುತ್ತಾನೆ. ಸುಮ್ಮನೆ ಕೂತವರ ಮುಂದೆ ನಿಂತು ಹೊತ್ತು ಕಳೆಯುವುದಿಲ್ಲ.

“ಒಬ್ನೇ ಎಲ್ಲರಿಗೂ ಬಡಿಸ್ತಾ ಹೋಗಿ ಎಲ್ಲೋ ಎಡವಿ ಬಿದ್ರೆ? ಇಡೀ ಪಂಕ್ತಿ ಉಪವಾಸ” ಎಂದು ನಾನು.

“ಸುಮ್ನೆ ಕೂತವ್ರಿಗೂ ಒಬ್ಬೊಬ್ಬ ಆಳಾ? ಉದ್ಧಾರ ಆಯ್ತು ಬಿಡು ಮಾರಾಯ್ತಿ” ಎಂದು ಅವರು.

ನಾನು ಸೋಲುವ ಪೈಕಿಯಲ್ಲ. ಅವರು ಜಗಳವನ್ನು ಉದ್ದ ಮಾಡುವ ಪೈಕಿಯಲ್ಲ. ಹಾಗಾಗಿ ನಮ್ಮ ಕಚೇರಿಯಲ್ಲಿ ಬಹುತೇಕ ನನ್ನ ಸರ್ವರೇ ನಡೆಯುತ್ತಿತ್ತು.

ಹೀಗಿರುವಾಗ ನರಸಿಂಹರಾಜಪುರದಲ್ಲಿರುವ ನನ್ನ ಚಿಕ್ಕಮ್ಮನಿಗೆ ಕಿವಿ ಹೋಯಿತು. ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದವರು. ಅವರ ಜೊತೆ ಟೀಚರ್ ಟ್ರೈನಿಂಗ್ ಮಾಡಿದ ಗೆಳತಿಯರು ಕೊಪ್ಪ, ಶೃಂಗೇರಿ, ಹರಿಹರಪುರದ ಕಡೆ ಹಂಚಿಹೋಗಿದ್ದಾರೆ. ಫೋನಿನಲ್ಲಿ ಅವರೊಂದಿಗೆ ಹರಟುವುದೇ ಚಿಕ್ಕಮ್ಮನ ಮಧ್ಯಾಹ್ನವಾಗಿತ್ತು. ಕಿವಿಗೆ ಮಿಷನ್ ಹಾಕಿಸಿದರೆ ತಲೆಯೊಳಗೆ ಹಪ್ಪಳ ಕರಿದ ಹಾಗಾಗುತ್ತದೆ ಎಂದು ತೆಗೆದು ಡ್ರಾಯರಿಗೆ ಹಾಕಿದರು. ಮೊಬೈಲಿನಲ್ಲಿ ಗುಂಪು ಮಾಡಿಕೊಟ್ಟರೆ, “ಎಲ್ಲಾ ಹೂವು ಕಳಿಸ್ತಾರೆ, ಒಬ್ರೂ ಮಾತಾಡುದಿಲ್ಲ” ಎಂದರು. ಆಮೇಲೆ ತಾವೂ ಮಾತು ಬಿಟ್ಟರು. ಮಗ, ಸೊಸೆ ಕೇಳಿದ್ದಕ್ಕೆ ತಲೆಯಾಡಿಸುವುದು, ಅಷ್ಟೇ. ಅಮ್ಮ ಹೋದ ಮೇಲೆ ನನಗೆ ಉಳಿದಿದ್ದ ಅಮ್ಮನ ದನಿ ಅವರೊಬ್ಬರದೇ. ಅದೂ ನಿಂತುಹೋಯಿತು.

ಅದಕ್ಕೇ ನನ್ನ ಸರ್ವರಿನ ಮೇಲೆ ಒಂದು ವೆಬ್ ಪುಟ ಮಾಡಿದೆ. ಅದರಲ್ಲಿ ಬೇರೆ ಏನೂ ಇಲ್ಲ. ಬಂದವರ ಹೆಸರು ಎಡಗಡೆ ಕಾಣುತ್ತದೆ, ಬರೆದದ್ದು ದಪ್ಪ ಅಕ್ಷರದಲ್ಲಿ ಎಲ್ಲರ ಎದುರು ಕೂಡಲೇ ಮೂಡುತ್ತದೆ. ಮುಗಿದ ಮೇಲೆ ಒತ್ತಲು ಕೆಳಗೊಂದು ಬಟನ್. ನಮ್ಮ ಮನೆಯ ಹಳೇ ಕಂಪ್ಯೂಟರನ್ನು ಚಿಕ್ಕಮ್ಮನ ಕಿಟಕಿಯ ಹತ್ತಿರ ಇಟ್ಟೆವು. ಮಧ್ಯಾಹ್ನ ಮೂರಕ್ಕೆ ಟೀಚರುಗಳೆಲ್ಲ ಸೇರತೊಡಗಿದರು. ಮೊದಲ ವಾರ ಅವರು ಒಬ್ಬರ ಕಾಗುಣಿತವನ್ನು ಇನ್ನೊಬ್ಬರು ತಿದ್ದುವುದರಲ್ಲೇ ಕಳೆದರು. ಚಿಕ್ಕಮ್ಮ ಬರೆಯುತ್ತಾ ಗಟ್ಟಿಯಾಗಿ ನಗುತ್ತಾರೆ ಎಂದು ಅವರ ಮಗ ಫೋನ್ ಮಾಡಿ ಹೇಳಿದ. ಆವತ್ತು ನಾನು ಕಚೇರಿಗೆಲ್ಲ ಗೋಳಿಬಜೆ ತರಿಸಿದೆ. ಕಚೇರಿ ಎಂದರೆ ನಾವಿಬ್ಬರೇ.

ಆಮೇಲೆ ಪುಟ ಕೈಕೊಡತೊಡಗಿತು. ಮೂರು ಗಂಟೆಗೆ ಸರಿಯಾಗಿ ಚಕ್ರ ತಿರುಗುತ್ತಾ ನಿಂತುಬಿಡುತ್ತಿತ್ತು, ಅದೂ ಹೆಚ್ಚಾಗಿ ಚಿಕ್ಕಮ್ಮನಿಗೇ. ಅವರ ಮಗ ಊಟಕ್ಕೆ ಬಂದಾಗ ಕಂಪ್ಯೂಟರ್ ಆರಿಸಿ ಹೋಗುತ್ತಿದ್ದ. ಮತ್ತೆ ಹಾಕಿಕೊಂಡು ಕನ್ನಡಕ ಹುಡುಕಿ ಕೂರುವಷ್ಟರಲ್ಲಿ ಅವರೇ ಕೊನೆಯವರು. “ಎಲ್ಲ ಎದ್ದು ಹೋದ್ರಾ ಅಂತ ಕೇಳ್ತಾಳೆ ಅಮ್ಮ. ಮತ್ತೆ ತಲೆಯಾಡಿಸುದು ಶುರು ಮಾಡಿದಾಳೆ” ಎಂದ ಮಗ.

“ನಿನ್ನ ಆಳುಗಳೆಲ್ಲ ಖರ್ಚಾಗಿದ್ದಾರೆ. ಲೈಬ್ರರಿಗೆ ಬದಲಾಯ್ಸು” ಎಂದರು ನನ್ನ ಗಂಡ. ನನಗೆ ರೇಗಿತು. ಬೆರಳೆಣಿಕೆಯ ಟೀಚರುಗಳನ್ನು ನನ್ನ ಸರ್ವರ್ ತಡೆದುಕೊಳ್ಳುವುದಿಲ್ಲವೆಂದರೆ ಏನರ್ಥ? ತೆರೆದು ನೋಡಿದರೆ ಒಬ್ಬೊಬ್ಬರ ಹೆಸರಿನಲ್ಲಿ ನಾಲ್ಕೈದು ಜಾಗ ಹಿಡಿದು, ಅಷ್ಟಕ್ಕೂ ಒಬ್ಬೊಬ್ಬ ಆಳು ನಿಂತಿದ್ದ. ನಿನ್ನೆ ಮೊನ್ನೆ ಬಂದವರು ಎದ್ದೇ ಇರಲಿಲ್ಲ. ಹಳೇ ಪುಟವನ್ನು ಹಾಗೇ ಬಿಟ್ಟು ದಿನವೂ ಹೊಸದೊಂದನ್ನು ತೆರೆಯುತ್ತಿದ್ದರು. ಬಟನನ್ನು ಯಾರೂ ಮುಟ್ಟಿರಲಿಲ್ಲ. ಕಾಣುತ್ತಿಲ್ಲವೇನೋ ಎಂದು ಅದನ್ನು ದೊಡ್ಡದು ಮಾಡಿದೆ, ಕೆಂಪು ಬಣ್ಣ ಕೊಟ್ಟೆ. ಆಗಲೂ ಮುಟ್ಟಲಿಲ್ಲ.

ಕೊನೆಗೆ ಬಸ್ಸು ಹತ್ತಿ ಎನ್.ಆರ್.ಪುರಕ್ಕೇ ಹೋಗಿ ಚಿಕ್ಕಮ್ಮನ ಪಕ್ಕ ಕೂತೆ. ಆವತ್ತು ಅದೃಷ್ಟಕ್ಕೆ ಜಾಗ ಸಿಕ್ಕಿತು. ಒಂದು ಗಂಟೆ ಹರಟಿದ ಮೇಲೆ ಚಿಕ್ಕಮ್ಮ ‘ಬತ್ತೆ’, ಅಂದರೆ ನಮ್ಮ ಕಡೆಯ ‘ಬರುತ್ತೇನೆ’, ಎಂದು ಟೈಪ್ ಮಾಡಿದರು. ಎಲ್ಲರೂ ಸಾಲಾಗಿ ‘ಬತ್ತೆ’, ‘ಬತ್ತೆ’ ಎಂದರು. ಚಿಕ್ಕಮ್ಮ ಕನ್ನಡಕ ತೆಗೆದು ಎದ್ದರು. ನಾನು ಅವರ ಕೈ ಹಿಡಿದು ಬಟನ್ ತೋರಿಸಿದೆ.

“ಅದ್ರಲ್ಲಿ ಎಂತ ಬರ್ದಿದೀಯ ಓದು ಕೂಸೆ” ಎಂದರು ಚಿಕ್ಕಮ್ಮ, ಟೀಚರ್ ದನಿಯಲ್ಲಿ.

‘ಹೋಗುತ್ತೇನೆ’ ಎಂದಿತ್ತು.

“ಮನೆಯಿಂದ ಹೊರಡುವಾಗ ಯಾರಾದ್ರೂ ಹಾಗೆ ಹೇಳ್ತಾರಾ? ಈ ವಯಸ್ಸಲ್ಲಿ ನಾವೆಲ್ಲ ಒಬ್ರಿಗೊಬ್ರು ಹೋಗ್ತೆ ಅಂತ ಒತ್ತುದಾ? ಅದೂ ಕೆಂಪು ಬಣ್ಣದಲ್ಲಿ!”

ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು. ಚಿಕ್ಕಂದಿನಲ್ಲಿ ನಾನು ಸಿಟ್ಟು ಮಾಡಿಕೊಂಡು ‘ಹೋಗ್ತೆ’ ಎಂದು ಶಾಲೆಗೆ ಹೊರಟರೆ ಅಮ್ಮ ಬೇಲಿಯ ಬಾಗಿಲಿಗೆ ಅಡ್ಡ ಹಾಕುವ ಉಣುಗೋಲಿನ ಹತ್ತಿರದಿಂದ ವಾಪಸು ಕರೆದು ‘ಬತ್ತೆ’ ಎನ್ನಿಸಿಯೇ ಕಳಿಸುತ್ತಿದ್ದಳು. ಈಗಲೂ ಎಲ್ಲಿಗೆ ಹೊರಟರೂ ನನ್ನ ಬಾಯಲ್ಲಿ ಬರುವುದು ಅದೇ ಮಾತು. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ನನ್ನ ಬುದ್ಧಿ ಊರು ಬಿಟ್ಟಿರುತ್ತದೆ.

ಅಲ್ಲೇ ಕೂತು ಬಟನ್ ಮೇಲೆ ‘ಬತ್ತೆ’ ಎಂದು ಬರೆದೆ, ಕೆಂಪು ತೆಗೆದೆ. ಮಾರನೇ ದಿನದಿಂದ ಎಲ್ಲರೂ ಶಿಸ್ತಾಗಿ ಒತ್ತಿ ಎದ್ದರು. ಜಾಗಗಳು ಖಾಲಿಯಾದವು, ಮೂರು ಗಂಟೆಗೆ ಎಲ್ಲರಿಗೂ ಬಾಗಿಲು ತೆರೆಯಿತು. “ನೋಡಿ, ತಪ್ಪು ನನ್ನ ಸರ್ವರಿನದ್ದಲ್ಲ, ಕನ್ನಡದ್ದು” ಎಂದು ಗಂಡನೆದುರು ಮೆರೆದೆ. “ನಿನ್ನ ಕನ್ನಡದ್ದು” ಎಂದು ಅವರು ತಿದ್ದಿದರು.

ಆದರೆ ಸ್ವಲ್ಪ ದಿನಕ್ಕೆ ಚಿಕ್ಕಮ್ಮ ನನಗೊಬ್ಬಳಿಗೇ ಬರೆದರು: ‘ಈಗ ಬೆಳಿಗ್ಗೆ ನೋಡಿದರೆ ಯಾರೂ ಇರುವುದಿಲ್ಲ.’

ನನಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಮೊದಲೂ ಯಾರೂ ಇರುತ್ತಿರಲಿಲ್ಲವಲ್ಲ, ಬಿಟ್ಟುಹೋದ ಪುಟದ ಹೆಸರುಗಳು ಮಾತ್ರ ಅಲ್ಲಿದ್ದದ್ದು ಎಂದು ವಿವರಿಸಿದೆ.

‘ಅದು ನನಗೂ ಗೊತ್ತು’ ಎಂದು ಬರೆದರು. ‘ಶಾಲೆಯಲ್ಲಿ ಪಕ್ಕದ ಕ್ಲಾಸಿನಲ್ಲಿ ಒಬ್ಬರು ಪಾಠ ಮಾಡುವುದು ಕೇಳಿಸುತ್ತಿದ್ದರೆ ಸಾಕಾಗುತ್ತಿತ್ತು, ಮಾತಾಡಲೇಬೇಕು ಅಂತ ಇರಲಿಲ್ಲ. ಕಿವಿ ಹೋದ ಮೇಲೆ ಬೆನ್ನ ಹಿಂದೆ ಮನೆಯಲ್ಲಿ ಯಾರಿದ್ದಾರೆ ಅಂತಲೇ ತಿಳಿಯುವುದಿಲ್ಲ. ಆ ಹೆಸರುಗಳನ್ನು ನೋಡಿದರೆ ಜನ ಇದ್ದ ಹಾಗೆ ಆಗುತ್ತಿತ್ತು.’

ಅವರಿಗೆ ಬೇಕಾಗಿದ್ದದ್ದು ಮೂರು ಗಂಟೆಯ ಮಾತು ಮಾತ್ರವಲ್ಲ. ಏನೂ ಹೇಳದೆ, ಏನೂ ಕೇಳದೆ, ದಿನವಿಡೀ ಸುಮ್ಮನೆ ಜೊತೆಗಿರುವ ಜನ ಬೇಕಿತ್ತು. ಸುಮ್ಮನಿರುವವರಿಗೆಲ್ಲ ಒಬ್ಬೊಬ್ಬ ಆಳನ್ನು ನಿಲ್ಲಿಸುವ ಶಕ್ತಿ ನನ್ನ ಸರ್ವರಿಗೆ ಇರಲಿಲ್ಲ. ಅಂಥವರಿಗೆ ಹೇಳಿ ಮಾಡಿಸಿದ್ದು ನನ್ನ ಗಂಡನ ಲೈಬ್ರರಿ. ಎಷ್ಟು ಜನ ಸುಮ್ಮನೆ ಕೂತರೂ ಅದಕ್ಕೆ ಭಾರವಿಲ್ಲ; ಒಬ್ಬರು ಒಂದಕ್ಷರ ಒತ್ತಿದ ಕೂಡಲೇ ಎದ್ದು ಬರುತ್ತದೆ.

ಕುರ್ಚಿ ತಿರುಗಿಸಿ, “ನಿಮ್ಮದನ್ನೇ ಹಾಕುವ” ಎಂದೆ. ಅವರು ಮೀಸೆಯೊಳಗೇ ನಕ್ಕರು. ಆಮೇಲೆ ಎದ್ದು ಹೋಗಿ ಇಬ್ಬರಿಗೂ ಕಾಫಿ ತಂದರು. ಪುಟವನ್ನು ಇಬ್ಬರೂ ಕೂತು ಹೊಸದಾಗಿ ಬರೆದೆವು. ಈಗ ‘ಬತ್ತೆ’ ಒತ್ತಿದರೆ ಮಾತು ಮುಗಿಯುತ್ತದೆ, ಪುಟ ತೆರೆದಿರುವಷ್ಟು ಹೊತ್ತೂ ಹೆಸರು ಅಲ್ಲೇ ಉಳಿಯುತ್ತದೆ.

ಹೇಗಿದೆ ನೋಡೋಣವೆಂದು ಮತ್ತೆ ಎನ್.ಆರ್.ಪುರಕ್ಕೆ ಹೋದೆ. ಚಿಕ್ಕಮ್ಮ ಕಿಟಕಿಯ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದರು. ಆಗಾಗ ತಲೆಯೆತ್ತಿ ಹೆಸರುಗಳನ್ನು ನೋಡಿ ಮತ್ತೆ ಸುಲಿಯುತ್ತಿದ್ದರು. ಸಂಜೆ ನಾನು ಹೊರಟಾಗ ಅವರಿಗೆ ಹಾಗೇ ಜೊಂಪು ಹತ್ತಿತ್ತು. ಹೊರಗೆ ಅವರ ಮಗ ಬೈಕಿನ ಹಾರ್ನ್ ಒತ್ತುತ್ತಿದ್ದ, ಬಸ್ಸಿಗೆ ಹೊತ್ತಾಗಿತ್ತು. “ಬತ್ತೆ ಚಿಕ್ಕಮ್ಮ” ಎಂದೆ. ಅವರಿಗೆ ಕೇಳಿಸಲಿಲ್ಲ. ಎಬ್ಬಿಸಲು ಮನಸ್ಸಾಗದೆ ಬಂದುಬಿಟ್ಟೆ. ಆದರೆ ಬಸ್ಸಿನಲ್ಲಿ ಕೂತರೂ ಸಮಾಧಾನವಿಲ್ಲ, ಹೇಳದೇ ಬಂದ ಹಾಗಿತ್ತು. ಮೊಬೈಲಿನಲ್ಲಿ ಪುಟ ತೆರೆದೆ, ಎಡಗಡೆಯ ಸಾಲಿನಲ್ಲಿ ನನ್ನ ಹೆಸರೂ ಮೂಡಿತು. ಬರೆದೆ: ‘ಬತ್ತೆ ಚಿಕ್ಕಮ್ಮ.’

ಸ್ವಲ್ಪ ಹೊತ್ತಿನ ಮೇಲೆ ದಪ್ಪ ಅಕ್ಷರದಲ್ಲಿ ಉತ್ತರ ಬಂತು: ‘ಎಲ್ಲಿಗೆ ಹೋದೆ ಮಾರಾಯ್ತಿ? ಇಲ್ಲೇ ಇದೀಯಲ್ಲ.’

ಸಿಗ್ನಲ್ ಇದ್ದಷ್ಟು ದೂರವೂ ನಾನು ಪುಟ ಮುಚ್ಚಲಿಲ್ಲ.